ಗುಟ್ಟು ಹಿಡಿಯುವವರ ಹೆಸರುಗಳು

ರಾಮನಗರ, ಚನ್ನಪಟ್ಟಣದ ಕಡೆ ಇನ್ನೊಬ್ಬರ ಮನೆ ವಿಷಯ ಕೆದಕುವವನಿಗೆ ಬೀಳುವ ಮಾತು, ‘ಏನ್ಲಾ, ಸಿಐಡಿ ಕೆಲ್ಸ ಮಾಡ್ತಿದ್ದೀಯ?’ ಇಲಾಖೆಯೊಂದರ ಹೆಸರು ಮನುಷ್ಯನಿಗೆ ಅಂಟಿಕೊಂಡು, ಅರ್ಧ ಬೈಗುಳವೂ ಆಗಿದೆ. ಇದರಲ್ಲಿ ಪೊಲೀಸರಿಗಿಂತ ಸಿನಿಮಾದ ಪಾಲು ದೊಡ್ಡದೆನ್ನಬೇಕು. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದಿದ್ದರು.

ಕಸುಬು ಮಾತ್ರ ಬಹಳ ಹಳೆಯದು. ಊರಿನ ಹನ್ನೆರಡು ಆಯಗಾರರಲ್ಲಿ ತಳವಾರನೂ ಒಬ್ಬ. ಕಳವಾದರೆ ಜಾಡು ಹಿಡಿಯುವುದು, ಹೊಸಬರ ಮೇಲೆ ಕಣ್ಣಿಡುವುದು, ದಾರಿಹೋಕರನ್ನು ಮುಂದಿನ ಊರಿಗೆ ಮುಟ್ಟಿಸುವುದು ಅವನ ಹೊಣೆ. ಸಂಬಳವಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯ.

ಯುದ್ಧಕಾಲದ ಗುಟ್ಟುಗಾರ ಬೇರೆ. 1791ರ ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಬಂಡೆ, ಬಿದಿರುಮೆಳೆಗಳ ಈ ಸೀಮೆಯಲ್ಲಿ ದಾರಿ ಯಾವುದು, ನೀರೆಲ್ಲಿ, ಕೋಟೆಯೊಳಗೆ ಎಷ್ಟು ಜನ ಎಂದು ತಿಳಿಯದೆ ದಂಡು ಹೆಜ್ಜೆಯಿಡುವಂತಿರಲಿಲ್ಲ. ಸುದ್ದಿ ಹೊತ್ತು ಓಡುವವನೂ ಸುದ್ದಿ ಕದ್ದು ತರುವವನೂ ಆಗ ಹರಕಾರನೇ. ಟಿಪ್ಪುವಿನ ಕಡೆಗೂ ಅವನು, ಇಂಗ್ಲಿಷರ ಕಡೆಗೂ ಅವನು. ಪಾರ್ಸಿಯ ‘ಹರ್’ ಎಂದರೆ ಪ್ರತಿಯೊಂದು, ‘ಕಾರ್’ ಎಂದರೆ ಕೆಲಸ. ಅದೇ ಪದ ಇಂದು ‘ಹರಿಕಾರ’ನಾಗಿ ಗೌರವದ ಪೀಠವೇರಿದೆ. ರಾಮನಗರ ತಾಲ್ಲೂಕಿನ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರನ್ನು ಏಕೀಕರಣದ ಹರಿಕಾರ ಎಂದು ಹೊಗಳುವ ಭಾಷಣಕಾರರಿಗೆ ಈ ಪದದ ಪೂರ್ವಾಶ್ರಮ ನೆನಪಿರುವುದಿಲ್ಲ. ಇರದಿರುವುದೇ ಒಳ್ಳೆಯದು!

 

ಮುಂದೆ ವೇಷ ಮರೆಸಿದ ಪೊಲೀಸರು ‘ಮಫ್ತಿಯವರು’ ಆದರು. ಅರಬ್ಬಿಯಲ್ಲಿ ಮುಫ್ತಿ ಎಂದರೆ ಧರ್ಮಶಾಸ್ತ್ರ ಹೇಳುವವರು. ಬ್ರಿಟಿಷ್ ಸೈನ್ಯಾಧಿಕಾರಿಗಳ ಬಾಯಲ್ಲಿ ಅದು ಸಮವಸ್ತ್ರವಲ್ಲದ ಉಡುಪಾಯಿತು. ‘ಪತ್ತೇದಾರ’ನಲ್ಲಿ ಮರಾಠಿ, ಹಿಂದಿಯ ‘ಪತ್ತಾ’ದ ಜತೆ ಅಮಲ್ದಾರ, ಜಮಾದಾರರ ‘ದಾರ’ ಸೇರಿದೆ. ಅವನನ್ನು ಮನೆಮಾತು ಮಾಡಿದವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯ. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಪತ್ತೇದಾರ ಪುರುಷೋತ್ತಮನಿಗಾಗಿ ಓದುಗರು ಕಾದು ಕೂರುತ್ತಿದ್ದ ಕಾಲವದು.

ಹರಕಾರ, ಮಫ್ತಿ, ಪತ್ತೇದಾರ ಇವೆಲ್ಲ ಹೊರಗಿನಿಂದ ಬಂದವು. ಅಪ್ಪಟ ದ್ರಾವಿಡ ಪದ ‘ಬೇಹು’. ತಮಿಳಿನ ‘ವೇವು’, ತೆಲುಗಿನ ‘ವೇಗು’ ಅದರ ಒಡಹುಟ್ಟುಗಳು. ಬೇಹುಗಾರಿಕೆ ಪತ್ರಿಕೆಗಳ ತಲೆಬರಹದಲ್ಲಿ ಬದುಕಿದೆ. ಕನಕಪುರದ ಸಂತೆಯಲ್ಲಾಗಲಿ ಮಾಗಡಿಯ ಬಸ್‌ಸ್ಟ್ಯಾಂಡಿನಲ್ಲಾಗಲಿ ಗೆದ್ದಿರುವುದು ಸಿಐಡಿಯೇ.