ಖಗೋಳ ಭೌತವಿಜ್ಞಾನ: ಪದವಿಯ ಮೊದಲ ವರ್ಷದಲ್ಲಿ ಏನಿರುತ್ತದೆ?

ನಾಗಮಂಗಲ: ದ್ವಿತೀಯ ಪಿಯುಸಿ ಮುಗಿಸಿ ನಕ್ಷತ್ರ, ಕಪ್ಪುಕುಳಿಗಳ ಅಧ್ಯಯನಕ್ಕೆ ಹೊರಡುವ ವಿದ್ಯಾರ್ಥಿಗೆ ಮೊದಲ ತೊಡಕು ಪ್ರವೇಶ ಅರ್ಜಿಯಲ್ಲೇ ಎದುರಾಗುತ್ತದೆ. ನಾಗಮಂಗಲ, ಮಂಡ್ಯ, ಮೈಸೂರಿನ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಖಗೋಳ ಭೌತವಿಜ್ಞಾನವೆಂಬ ಪ್ರತ್ಯೇಕ ಬಿ.ಎಸ್ಸಿ. ಕಾಣಸಿಗುವುದು ವಿರಳ. ಭೌತಶಾಸ್ತ್ರ ಮತ್ತು ಗಣಿತವಿರುವ ಬಿ.ಎಸ್ಸಿ. ಪದವಿಯೇ ಈ ಕ್ಷೇತ್ರದ ಹೆಬ್ಬಾಗಿಲು. ಮೂರನೆಯ ವಿಷಯ ರಸಾಯನಶಾಸ್ತ್ರವಾದರೂ ಗಣಕ ವಿಜ್ಞಾನವಾದರೂ ಅಡ್ಡಿಯಿಲ್ಲ. ಆದರೆ ಗಣಿತವನ್ನು ಕೈಬಿಟ್ಟವರಿಗೆ ಮುಂದಿನ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ರಾಜ್ಯದಲ್ಲಿ 2024-25ರಿಂದ ಮೂರು ವರ್ಷಗಳ ಪದವಿ ಮತ್ತೆ ಜಾರಿಗೆ ಬಂದಿದೆ.

ಮೊದಲ ವರ್ಷದಲ್ಲಿ ನಕ್ಷತ್ರಗಳ ಮಾತು ಬಹಳ ಕಡಿಮೆ. ಯಂತ್ರಶಾಸ್ತ್ರ, ಭ್ರಮಣ ಚಲನೆ, ಸ್ಥಿತಿಸ್ಥಾಪಕತೆ, ಸ್ನಿಗ್ಧತೆ ಇವೇ ಸಾಮಾನ್ಯವಾಗಿ ಆರಂಭದ ಪಾಠಗಳು. ಹಲವರು ನಿರಾಶರಾಗುವುದು ಇಲ್ಲಿಯೇ. ಆದರೆ ಕೋನೀಯ ಸಂವೇಗದ ಸಂರಕ್ಷಣೆಯನ್ನು ಚೆನ್ನಾಗಿ ಅರಿತವರಿಗೆ, ಕುಸಿದ ನಕ್ಷತ್ರವೊಂದು ಪಲ್ಸಾರ್ ಆಗಿ ಸೆಕೆಂಡಿಗೆ ಹಲವು ಸುತ್ತು ತಿರುಗುವುದೇಕೆಂಬುದು ಒಗಟಾಗಿ ಉಳಿಯದು. ಕೆಪ್ಲರನ ನಿಯಮಗಳನ್ನು ಪಿಯುಸಿಯಲ್ಲಿ ಉರು ಹೊಡೆದವರು ಇಲ್ಲಿ ಅವನ್ನು ಗುರುತ್ವ ನಿಯಮದಿಂದ ತಾವೇ ಸಾಧಿಸುತ್ತಾರೆ.

ನಿಜವಾದ ಪರೀಕ್ಷೆ ಗಣಿತದ್ದು. ಕಲನಶಾಸ್ತ್ರ, ಅವಕಲ ಸಮೀಕರಣ, ಸದಿಶ, ಮಾತೃಕೆಗಳು ಬೆನ್ನು ಬೆನ್ನಿಗೆ ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪಠ್ಯಪುಸ್ತಕದ ಹೊರೆಯೂ ಸೇರುತ್ತದೆ. ಸಮೀಕರಣಕ್ಕೆ ಮಾಧ್ಯಮ ಭೇದವಿಲ್ಲವೆಂಬುದು ಸಮಾಧಾನ. ಮೊದಲ ಸೆಮಿಸ್ಟರಿನಲ್ಲಿ ಹಿಂದುಳಿದ ಮಾತ್ರಕ್ಕೆ ವಿಷಯ ಬದಲಿಸುವುದು ಆತುರದ ನಿರ್ಧಾರವಾದೀತು.

ಪ್ರಯೋಗಾಲಯದಲ್ಲಿ ದಂಡ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗವಿರುತ್ತದೆ. ನಮ್ಮ ಭಾಗದಲ್ಲಿ ಅದು ಸುಮಾರು 9.78 ಎಂದು ಎಲ್ಲರಿಗೂ ಮೊದಲೇ ಗೊತ್ತು. 9.5 ಬಂದಾಗ ಅಂಕಿ ತಿದ್ದಿ ದಾಖಲೆ ಪುಸ್ತಕ ಒಪ್ಪಿಸುವುದು ಸುಲಭ, ನಡೆಯುವುದೂ ಉಂಟು. ದೋಷ ಎಲ್ಲಿಂದ ಬಂತು, ಎಷ್ಟೆಂದು ಲೆಕ್ಕ ಹಾಕುವುದೇ ಖಗೋಳಜ್ಞನ ನಿತ್ಯದ ಕೆಲಸ. ಅವನ ಉತ್ತರವನ್ನು ಮೊದಲೇ ಅಚ್ಚು ಹಾಕಿದ ಪುಸ್ತಕವಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷಗಳ ಬಿ.ಎಸ್. ಪದವಿ 2011ರಲ್ಲಿ ಆರಂಭವಾಯಿತು. ಅಲ್ಲಿಯೂ ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಭೌತಶಾಸ್ತ್ರದ ಆಸಕ್ತರು ಜೀವವಿಜ್ಞಾನವನ್ನೂ ಓದಲೇಬೇಕು. ತಿರುವನಂತಪುರದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಖಗೋಳ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಜೋಡಿಸಿದ ಐದು ವರ್ಷಗಳ ಕೋರ್ಸ್ ಇದೆ. ಪ್ರವೇಶಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು. ಇವೆರಡೂ ದೊರೆಯದವರು ಬಿ.ಎಸ್ಸಿ. ನಂತರ ಜ್ಯಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಸೇರಬಹುದು.

ಪದವಿ ಓದುವಾಗಲೇ ಬೆಂಗಳೂರಿನ ನೆಹರು ತಾರಾಲಯದ 'ರೀಪ್' ವಾರಾಂತ್ಯ ತರಗತಿಗಳ ಬಗ್ಗೆ ವಿಚಾರಿಸುವುದು ಲೇಸು. ನಾಗಮಂಗಲದಿಂದ ವಾರವಾರವೂ ಹೋಗಿಬರುವುದು ಹಗುರದ ಮಾತಲ್ಲ, ನಿಜ. ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಸಿ.ವಿ. ವಿಶ್ವೇಶ್ವರ ಅವರು ಮೈಸೂರು ವಿಶ್ವವಿದ್ಯಾಲಯದ ಪದವೀಧರರು. ಕದಡಿದ ಕಪ್ಪುಕುಳಿ ಗಂಟೆಯ ನಾದದಂತೆ ಕಂಪಿಸಿ ಶಾಂತವಾಗುತ್ತದೆಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು; 2015ರಲ್ಲಿ ಗುರುತ್ವ ಅಲೆಗಳು ಮೊದಲ ಬಾರಿ ಪತ್ತೆಯಾದಾಗ ಅಂಥ ಕಂಪನದ ಸುಳಿವು ದೊರೆಯಿತು.

ಪೋಷಕರ ಪ್ರಶ್ನೆ ಉದ್ಯೋಗದ್ದು. ಸಂಶೋಧಕರಾಗಲು ಪದವಿ, ಸ್ನಾತಕೋತ್ತರ, ಪಿಎಚ್.ಡಿ. ಸೇರಿ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಪಿಎಚ್.ಡಿ. ಅವಧಿಯಲ್ಲಿ ಸಾಮಾನ್ಯವಾಗಿ ಶಿಷ್ಯವೇತನ ಸಿಗುತ್ತದೆ. ಅದಕ್ಕೆ ಮುಂಚಿನ ಐದು ವರ್ಷಗಳ ಖರ್ಚನ್ನು ಮನೆಯವರು ಈಗಲೇ ಲೆಕ್ಕ ಹಾಕಿಕೊಳ್ಳಬೇಕು. ನಡುವೆ ದಾರಿ ಬದಲಿಸುವವರಿಗೆ ಬಿ.ಇಡಿ. ಮಾಡಿ ಶಿಕ್ಷಕರಾಗುವ ಅವಕಾಶವಿದೆ. ಮೊದಲ ವರ್ಷದಿಂದಲೇ ಪೈಥಾನ್ ಕಲಿತವರಿಗೆ ಸಾಫ್ಟ್‌ವೇರ್ ಕ್ಷೇತ್ರವೂ ತೆರೆದಿರುತ್ತದೆ.