ದುಬಾರಿ ಸುಶಿ ಹೋಟೆಲ್‌ನಲ್ಲಿ ಮಕ್ಕಳಿಗೆ ಹಸಿ ಮೀನು ಕೊಟ್ಟರೆ ಭಯವಿಲ್ಲವೇ?

ಬೇಸಿಗೆ ರಜೆ ಹತ್ತಿರವಾದರೆ ಹೂಡಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಜಪಾನ್ ಪ್ರವಾಸದ ಮಾತು ಶುರುವಾಗುತ್ತದೆ. ಜೊತೆಗೆ ಒಂದು ಸಲಹೆಯೂ ಬರುತ್ತದೆ: "ಒಳ್ಳೆಯ ಹೋಟೆಲ್‌ಗೆ ಹೋಗಿ, ಮೀನು ತಾಜಾ ಇರುತ್ತೆ. ವಸಾಬಿ ಹಚ್ಚಿದರೆ ಹುಳ ಸಾಯುತ್ತೆ, ಮಕ್ಕಳಿಗೂ ಕೊಡಬಹುದು." ಈ ಮಾತು ನಿಜವೇ ಎಂದು ನೋಡೋಣ.

ಅಲ್ಲ. ಸಮುದ್ರದ ಮೀನುಗಳಲ್ಲಿ ಅನಿಸಾಕಿಸ್ ಎಂಬ ಸಣ್ಣ ಹುಳ ಇರಬಹುದು. ಅದು ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಜೋರು ಹೊಟ್ಟೆನೋವು, ವಾಂತಿ ಶುರುವಾಗಬಹುದು. ವಸಾಬಿ, ಸೋಯಾ ಸಾಸ್, ವಿನೆಗರ್, ಉಪ್ಪು ಯಾವುದೂ ಇದನ್ನು ಕೊಲ್ಲುವುದಿಲ್ಲ ಎಂದು ಜಪಾನಿನ ಆರೋಗ್ಯ ಸಚಿವಾಲಯವೇ ಹೇಳುತ್ತದೆ. ಹುಳ ಸಾಯಬೇಕಾದರೆ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು ಹೊತ್ತು ಫ್ರೀಜ್ ಮಾಡಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು. ಅಮೆರಿಕದ ಎಫ್‌ಡಿಎ ಇನ್ನೂ ಕಟ್ಟುನಿಟ್ಟು: ಮೈನಸ್ 20ರಲ್ಲಿ 7 ದಿನ ಎನ್ನುತ್ತದೆ. ಇಲ್ಲೇ ದೊಡ್ಡ ಹೋಟೆಲ್‌ನ ತರ್ಕ ತಲೆಕೆಳಗಾಗುವುದು. ಬೆಳಿಗ್ಗೆ ಹಿಡಿದು ಸಂಜೆ ಬಡಿಸಿದ ತಾಜಾ ಮೀನು ಫ್ರೀಜರ್ ಕಂಡಿರಲಿಕ್ಕಿಲ್ಲ. ಬಿಲ್ ದೊಡ್ಡದಾದ ಮಾತ್ರಕ್ಕೆ ಹುಳ ಸಾಯುವುದಿಲ್ಲ.

ಅಂದಹಾಗೆ, ನಾವು ತಿನ್ನುವ ಅಗ್ಗದ ವಸಾಬಿ ಹೆಚ್ಚಾಗಿ ವಸಾಬಿಯೇ ಅಲ್ಲ. ಹಾರ್ಸ್‌ರ್ಯಾಡಿಶ್ ಎಂಬ ಖಾರದ ಬೇರಿಗೆ ಹಸಿರು ಬಣ್ಣ ಸೇರಿಸಿದ್ದು.

5 ವರ್ಷದೊಳಗಿನ ಮಕ್ಕಳಿಗೆ ಹಸಿ ಮೀನು ಬೇಡ ಎಂಬುದು ಅಮೆರಿಕದ ಸರ್ಕಾರಿ ಸಲಹೆ. ಗರ್ಭಿಣಿಯರಿಗೂ ಅದೇ. ದೊಡ್ಡ ಮಕ್ಕಳಿಗೂ ಬಿಗ್‌ಐ ಟ್ಯೂನಾ ಕೊಡಬೇಡಿ, ಅದರಲ್ಲಿ ಪಾದರಸ ಹೆಚ್ಚು.

ಹಾಗೆಂದು ಸುಶಿಯನ್ನೇ ಬಿಡಬೇಕಿಲ್ಲ. ಸುಶಿ ಅಂದರೆ ಹಸಿ ಮೀನು ಎಂಬುದೂ ತಪ್ಪು ತಿಳಿವಳಿಕೆ. ಅದು ವಿನೆಗರ್ ಬೆರೆಸಿದ ಅನ್ನದ ತಿಂಡಿ. ಬರೀ ಹಸಿ ಮೀನಿನ ಹೋಳಿಗೆ ಸಾಶಿಮಿ ಎನ್ನುತ್ತಾರೆ. ಮಕ್ಕಳಿಗೆ ಸೌತೆಕಾಯಿಯ ಕಪ್ಪಾ ಮಾಕಿ, ಬೇಯಿಸಿದ ಸೀಗಡಿ, ಸುಟ್ಟ ಉನಾಗಿ, ಮೊಟ್ಟೆಯ ತಮಾಗೊ ಕೊಡಿಸಬಹುದು. ಸೀಗಡಿ, ಮೊಟ್ಟೆ, ಎಳ್ಳಿನ ಅಲರ್ಜಿ ಇದ್ದರೆ ಮೊದಲೇ ಹೇಳಿ. ಸಸ್ಯಾಹಾರಿಗಳು ಗಮನಿಸಿ: ತಮಾಗೊಗೂ, ತೋಫುವಿನ ಇನಾರಿಗೂ ಸಾಮಾನ್ಯವಾಗಿ ಒಣ ಮೀನಿನ ದಾಶಿ ಸಾರು ಹಾಕುತ್ತಾರೆ. ಕಣ್ಣಿಗೆ ಮೀನು ಕಾಣುವುದಿಲ್ಲ, ಅಷ್ಟೇ.

ಕೆಲವು ಕಡೆ ಅನ್ನಕ್ಕೂ ಮೀನಿಗೂ ನಡುವೆ ವಸಾಬಿ ಮೊದಲೇ ಹಚ್ಚಿರುತ್ತಾರೆ. "ಸಾಬಿ ನುಕಿ" ಎಂದರೆ ಇಲ್ಲದೆ ಕೊಡುತ್ತಾರೆ. ಇನ್ನು ಒಮಾಕಾಸೆ ಎಂಬ ದುಬಾರಿ ಊಟದಲ್ಲಿ ಏನು ಬಡಿಸಬೇಕೆಂದು ಬಾಣಸಿಗರೇ ತೀರ್ಮಾನಿಸುತ್ತಾರೆ, ಮೆನು ಇರುವುದಿಲ್ಲ. ಇಂಥ ಹಲವು ಕಡೆ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ, ಕೊನೆಗಳಿಗೆಯಲ್ಲಿ ರದ್ದು ಮಾಡಿದರೆ ಹಣವೂ ಹೋಗಬಹುದು. ಬುಕ್ ಮಾಡುವಾಗಲೇ ಮಕ್ಕಳ ವಯಸ್ಸು ಹೇಳಿ ಕೇಳಿಬಿಡಿ. ತಟ್ಟೆಗಳು ಬೆಲ್ಟಿನ ಮೇಲೆ ಸುತ್ತುತ್ತಾ ಬರುವ ಸಾದಾ ಸುಶಿ ಅಂಗಡಿಗೇ ಮಕ್ಕಳು ಹೆಚ್ಚು ಖುಷಿಪಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ತಿಂದ ಮೇಲೆ ಮಗುವಿಗೆ ತೀವ್ರ ಹೊಟ್ಟೆನೋವು ಬಂದರೆ ಕಷಾಯ ಕುಡಿಸುತ್ತಾ ಕಾಯಬೇಡಿ. ವೈದ್ಯರಿಗೆ ಹಸಿ ಮೀನು ತಿಂದದ್ದನ್ನು ತಪ್ಪದೇ ಹೇಳಿ. ಹುಳವಿದ್ದರೆ ಎಂಡೋಸ್ಕೋಪ್‌ನಿಂದ ತೆಗೆಯುತ್ತಾರೆ. ಮುಖ ಊದಿಕೊಂಡು ಉಸಿರಾಟ ಕಷ್ಟವಾದರೆ ಜಪಾನಿನಲ್ಲಿ ಆಂಬುಲೆನ್ಸ್‌ಗೆ 119.