ಪರ್ವತಿ ಗುಡ್ಡವೂ ಕನ್ನಡ ನಾಡೂ

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರ ಕಡೆಯಿಂದ ನೆಂಟರು ಬಂದರೆ ಅವರಿಗೆ ತೋರಿಸಬೇಕಾದ ಸ್ಥಳಗಳ ಯಾದಿ ಹೆಚ್ಚುಕಡಿಮೆ ಗೊತ್ತಾದದ್ದೇ. ಶನಿವಾರವಾಡೆ, ದಗಡೂಶೇಟ ಗಣಪತಿ, ಸಾರಸಬಾಗ. ಒಂದು ದಿನ ಉಳಿದರೆ ಸಿಂಹಗಡ. ಸಾರಸಬಾಗಿನ ಹತ್ತಿರವೇ ಇರುವ ಪರ್ವತಿ ಗುಡ್ಡವನ್ನು ಮಾತ್ರ ಮೊಣಕಾಲು ಗಟ್ಟಿ ಇದ್ದವರು ಹತ್ತಿ, ದೇವರಿಗೆ ಕೈಮುಗಿದು, ತಂಪುಗಾಳಿ ಸೇವಿಸಿ ಇಳಿದುಬಿಡುತ್ತಾರೆ. ಆದರೆ ನಮ್ಮ ನಾಡಿನ ಇತಿಹಾಸದ ಒಂದು ಮುಖ್ಯ ಪುಟ ಈ ಗುಡ್ಡದ ಮೇಲಿದೆ ಎಂಬುದು ಬಹುಜನರಿಗೆ ತಿಳಿಯದು. ರಾಜ್ಯೋತ್ಸವದ ತಿಂಗಳಲ್ಲಿ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಪರ್ವತಿ ಬಹಳ ಎತ್ತರದ ಗುಡ್ಡವೇನೂ ಅಲ್ಲ. ಸಮುದ್ರಮಟ್ಟದಿಂದ ಸುಮಾರು 640 ಮೀಟರು. ಊರಿನ ನೆಲದಿಂದ ಲೆಕ್ಕ ಹಿಡಿದರೆ ನೂರು ಮೀಟರಿಗಿಂತಲೂ ಕಡಿಮೆ. ದಖ್ಖನ್ ಪ್ರಸ್ಥಭೂಮಿಯ ಇತರ ಗುಡ್ಡಗಳಂತೆ ಇದೂ ಲಾವಾರಸ ಪದರು ಪದರಾಗಿ ಹರಿದು ಗಟ್ಟಿಯಾದ ಕಪ್ಪು ಕಲ್ಲಿನದು. ಅದರ ವಯಸ್ಸು ಆರು ಕೋಟಿ ವರ್ಷಕ್ಕೂ ಹೆಚ್ಚು. ನೂರಕ್ಕೂ ಮಿಕ್ಕಿದ ಅಗಲವಾದ ಮೆಟ್ಟಿಲುಗಳನ್ನು ಹತ್ತಿದರೆ ಇಡೀ ಪುಣೆ ಕಣ್ಣ ಕೆಳಗೆ ಬರುತ್ತದೆ.

ಇಲ್ಲಿನ ದೇವದೇವೇಶ್ವರ ಗುಡಿಯನ್ನು 1749ರಲ್ಲಿ ಕಟ್ಟಿಸಿದವರು ಬಾಳಾಜಿ ಬಾಜೀರಾವ್ ಪೇಶ್ವೆ, ಅಂದರೆ ನಾನಾಸಾಹೇಬರು. ತಾಯಿ ಕಾಶೀಬಾಯಿಯವರ ಕಾಲುಬೇನೆ ಈ ಬೆಟ್ಟದ ದೇವಿಯ ಹರಕೆಯಿಂದ ವಾಸಿಯಾಯಿತೆಂದೂ, ಅದಕ್ಕಾಗಿಯೇ ಗುಡಿ ಎದ್ದಿತೆಂದೂ ಐತಿಹ್ಯ. ಇದೇ ನಾನಾಸಾಹೇಬರು 1756ರಲ್ಲಿ ಸವಣೂರಿನ ನವಾಬನ ಮೇಲೆ ದಂಡೆತ್ತಿ ಬಂದವರು. ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಆಗ ಸವಣೂರ ಕೋಟೆಯ ಮುಂದೆ ನಿಂತಿದ್ದವು. ತುಂಗಭದ್ರೆಯ ಈಚೆಗಿನ ಕನ್ನಡ ನಾಡು ಮುಂದೆ ಹೈದರಾಲಿ, ಟೀಪೂ, ಪೇಶ್ವೆ ಇವರ ನಡುವೆ ಚೆಂಡಿನಂತೆ ಕೈಯಿಂದ ಕೈಗೆ ಹಾರಾಡಿತು. 1791ರಲ್ಲಿ ಪರಶುರಾಮಭಾವೂ ಪಟವರ್ಧನರು ಇಂಗ್ಲಿಷರ ನೆರವಿನಿಂದ ಟೀಪೂವಿನ ಧಾರವಾಡ ಕೋಟೆಯನ್ನು ಗೆದ್ದರು. ಪಾಣಿಪತ್ತಿನ ಸೋಲಿನ ಎದೆನೋವಿನಲ್ಲೇ ನಾನಾಸಾಹೇಬರು ಸತ್ತದ್ದೂ ಈ ಪರ್ವತಿಯ ಮೇಲೆಯೇ, 1761ರ ಜೂನ್ 23ರಂದು.

ಪೇಶ್ವೆಯರ ಕಾಲದಲ್ಲಿ ಶ್ರಾವಣ ಮಾಸ ಬಂತೆಂದರೆ ದೂರದೂರದ ಪ್ರಾಂತಗಳ ಬ್ರಾಹ್ಮಣರು ಪರ್ವತಿಯ ಬುಡದಲ್ಲಿ ದಕ್ಷಿಣೆಗಾಗಿ ನೆರೆಯುತ್ತಿದ್ದರು. ಆ ಬೊಕ್ಕಸದಲ್ಲಿ ನಮ್ಮ ಕಡೆಯ ರೈತ ತೆತ್ತ ಕಂದಾಯವೂ ಸೇರಿತ್ತು. ಆದರೆ ಈ ಗುಡಿ ಎಲ್ಲರದೂ ಆಗಿರಲಿಲ್ಲ. 1929ರ ಅಕ್ಟೋಬರಿನಲ್ಲಿ ಶಿವರಾಮ ಜಾನಬಾ ಕಾಂಬಳೆ, ಪಾಂ. ನಾ. ರಾಜಭೋಜ, ಎಸ್. ಎಂ. ಜೋಶಿ ಮೊದಲಾದವರು ಅಸ್ಪೃಶ್ಯರೆನಿಸಿಕೊಂಡವರ ಪ್ರವೇಶಕ್ಕಾಗಿ ಇಲ್ಲಿ ಸತ್ಯಾಗ್ರಹ ಹೂಡಿ ಕಲ್ಲೇಟು ತಿಂದರು. ಪರ್ವತಿಯ ವೈಭವವನ್ನು ಹೇಳುವಾಗ ಇದನ್ನೂ ಹೇಳದೆ ಬಿಡುವುದು ಸರಿಯಲ್ಲ.

ಇನ್ನು ಮುಖ್ಯ ಸಂಗತಿಗೆ ಬರೋಣ. ಕೊನೆಯ ಪೇಶ್ವೆ ಎರಡನೆಯ ಬಾಜೀರಾಯನಿಗೂ ಪುಣೆಯ ಇಂಗ್ಲಿಷ್ ರೆಸಿಡೆಂಟ್ ಎಲ್ಫಿನ್‌ಸ್ಟನ್ನನಿಗೂ ಮನಸ್ತಾಪ ಬೆಳೆದು, 1817ರ ಜೂನ್ 13ರಂದು ಪೇಶ್ವೆ ಒಂದು ಒಪ್ಪಂದಕ್ಕೆ ಒತ್ತಾಯದಿಂದ ರುಜು ಹಾಕಬೇಕಾಯಿತು. ಆ ಕಾಗದದಲ್ಲಿಯೇ ಧಾರವಾಡದ ಕೋಟೆ ಇಂಗ್ಲಿಷರಿಗೆ ಹೋಯಿತು. ಅಪಮಾನಗೊಂಡ ಬಾಜೀರಾಯ ಸೈನ್ಯ ಕೂಡಿಸತೊಡಗಿದ. ನವೆಂಬರ್ 5ರ ಮಧ್ಯಾಹ್ನ ಖಡಕಿಯ ಬಯಲಿನಲ್ಲಿ ಎರಡೂ ದಂಡುಗಳು ಎದುರಾದವು. ಬಾಪೂ ಗೋಖಲೆಯ ಕೈಕೆಳಗೆ ಸುಮಾರು 18,000 ಕುದುರೆ, 8,000 ಕಾಲಾಳು. ಕರ್ನಲ್ ಬರ್‌ನ ಕೈಕೆಳಗೆ 2,800 ಜನ ಮಾತ್ರ.

ಪೇಶ್ವೆಯ ಸೈನ್ಯ ಊರಿನಿಂದ ಹೊರಡುವಾಗಲೇ ಜರಿಪಟಕಾ ನಿಶಾನೆಯ ಕೋಲು ಮುರಿಯಿತಂತೆ. ಬಾಜೀರಾಯ ಮಾತ್ರ ರಣರಂಗಕ್ಕೆ ಹೋಗದೆ ಪರ್ವತಿಯನ್ನೇರಿ ಕುಳಿತ. ಯುದ್ಧವನ್ನು ಕಣ್ಣಾರೆ ಕಂಡ ಗ್ರಾಂಟ್ ಡಫ್ ತನ್ನ ಮರಾಠರ ಇತಿಹಾಸದಲ್ಲಿ ಒಂದು ವಿಷಯ ಬರೆದಿದ್ದಾನೆ. ಕೊನೆಯ ಗಳಿಗೆಯಲ್ಲಿ ಎದೆಗುಂದಿದ ಬಾಜೀರಾಯ, ಮೊದಲ ಗುಂಡು ನಮ್ಮದಾಗಬಾರದೆಂದು ಗೋಖಲೆಗೆ ಹೇಳಿ ಕಳಿಸಿದ. ಜಾಸೂದ ಮುಟ್ಟುವ ಮೊದಲೇ ಗೋಖಲೆ ತೋಪು ಹಾರಿಸಿಬಿಟ್ಟಿದ್ದ. ಇಂಗ್ಲಿಷರ ಸಾಲಿನ ಮುಂದೆ ಯಾರ ಕಣ್ಣಿಗೂ ಬೀಳದ ಕೆಸರು ನೆಲವಿತ್ತು. ವೇಗವಾಗಿ ನುಗ್ಗಿದ ಕುದುರೆಗಳು ಅದರಲ್ಲಿ ಮುಗ್ಗರಿಸಿದವು. ನಿಶಾನೆ ಹೊತ್ತ ಮೋರೋ ದೀಕ್ಷಿತ ಮಡಿದ. ಕತ್ತಲಾಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಪೇಶ್ವೆಯ ಕಡೆ ಸುಮಾರು 500 ಜನ, ಇಂಗ್ಲಿಷರ ಕಡೆ 86 ಜನ ಸತ್ತು ಗಾಯಗೊಂಡಿದ್ದರು.

ಪರ್ವತಿಯಿಂದ ಆ ಬಯಲು ನೇರ ಉತ್ತರಕ್ಕೆ ಆರೇಳು ಕಿಲೋಮೀಟರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆಂಬುದು ಶಾಲೆಯ ಪಾಠ. ಅಂದರೆ ತೋಪಿನ ಹೊಗೆ ಕಂಡ ಮೇಲೆ ಅದರ ಸದ್ದು ಬಾಜೀರಾಯನ ಕಿವಿಗೆ ಬೀಳಲು ಇಪ್ಪತ್ತು ಸೆಕೆಂಡು ಹಿಡಿದಿರಬೇಕು. ಅವನು ಕಾಣುತ್ತಿದ್ದುದು ಆಗಲೇ ಆಗಿಹೋದ ಸಂಗತಿ. ತಡೆಯುವ ಶಕ್ತಿ ಅವನಿಗಿರಲಿಲ್ಲ.

ಗುಡ್ಡ, ಅರಸ, ಯುದ್ಧ — ಈ ಮೂರೂ ಕೂಡಿದ ಸ್ಥಳ ಇಂಗ್ಲಿಷರ ನಾಡಿನಲ್ಲಿಯೂ ಒಂದಿದೆ. ವಾರಿಕ್‌ಶೈರ್ ಪ್ರಾಂತದ ಎಜ್‌ಹಿಲ್ ಹಸಿರು ಹೊಲಗಳ ನಡುವೆ ಎದ್ದ ಚೆಲುವಾದ ದಿಬ್ಬ. 1642ರ ಅಕ್ಟೋಬರ್ 23ರಂದು ಒಂದನೆಯ ಚಾರ್ಲ್ಸ್ ದೊರೆಯ ಸೈನ್ಯ ಆ ದಿಬ್ಬದ ಮೇಲೆ ಸಾಲುಗೂಡಿ, ಕೆಳಗಿಳಿದು ಪಾರ್ಲಿಮೆಂಟಿನ ಸೈನ್ಯದೊಡನೆ ಕಾದಿತು. ದೊರೆಯೂ ರಣರಂಗಕ್ಕಿಳಿದಿದ್ದ. ಅವನ ನಿಶಾನೆ ನಿಂತಿತ್ತೆನ್ನುವ ಜಾಗದಲ್ಲಿ 1740ರ ದಶಕದಲ್ಲಿ, ಅಂದರೆ ಸರಿಸುಮಾರು ನಮ್ಮ ಪರ್ವತಿಯ ಗುಡಿ ಏಳುತ್ತಿದ್ದ ಕಾಲಕ್ಕೆ, ಒಂದು ಗೋಪುರ ಕಟ್ಟಿದರು. ಅದು ಇಂದಿಗೂ ಇದೆ. ಕೆಳಗಿಳಿದ ಆ ದೊರೆ ಆರು ವರ್ಷ ಕಳೆದ ಮೇಲೆ ತಲೆ ಕಳೆದುಕೊಂಡ. ಮೇಲೆಯೇ ಕುಳಿತ ನಮ್ಮ ಬಾಜೀರಾಯ ರಾಜ್ಯ ಕಳೆದುಕೊಂಡ. 1818ರ ಜೂನಿನಲ್ಲಿ ಮಾಲ್ಕಮ್ಮನಿಗೆ ಶರಣಾಗಿ, ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಪೆನ್ಶನ್ ಪಡೆದು ಗಂಗಾತೀರದ ಬಿಠೂರಿನಲ್ಲಿ 1851ರವರೆಗೆ ಬಾಳಿದ.

ಖಡಕಿಯ ಯುದ್ಧವಾದ ಹನ್ನೆರಡನೆಯ ದಿನ ಶನಿವಾರವಾಡೆಯ ಮೇಲೆ ಇಂಗ್ಲಿಷರ ನಿಶಾನೆ ಏರಿತು. ಅದರ ಪರಿಣಾಮ ಪುಣೆಗೆ ಮಾತ್ರ ನಿಲ್ಲಲಿಲ್ಲ. ಧಾರವಾಡದಲ್ಲಿದ್ದ ಥಾಮಸ್ ಮನ್ರೋ ಅಲ್ಪ ಸೈನ್ಯದೊಡನೆ, ಸ್ಥಳೀಯ ಶಿಪಾಯಿಗಳನ್ನೇ ಕೂಡಿಸಿಕೊಂಡು ಹೊರಟ. 1818ರ ಜನವರಿಯಲ್ಲಿ ಗದಗ, ಡಂಬಳ, ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್ 10ಕ್ಕೆ ಬೆಳಗಾವಿಯ ಕೋಟೆ, ಮೇ ತಿಂಗಳಲ್ಲಿ ಸೊಲ್ಲಾಪುರ. ಅರ್ಧ ವರ್ಷದೊಳಗೆ ಪೇಶ್ವೆಯ ಕೈಯಲ್ಲಿದ್ದ ಕನ್ನಡ ನಾಡು ಇಂಗ್ಲಿಷರದಾಯಿತು. ಎಲ್ಫಿನ್‌ಸ್ಟನ್ 1819ರಲ್ಲಿ ಮುಂಬಯಿಯ ಗವರ್ನರನಾದ. ಆ ನಾಡು ಮುಂಬಯಿ ಇಲಾಖೆಗೆ ಸೇರಿತು. ಬಳ್ಳಾರಿ ಆಗಲೇ ಮದ್ರಾಸಿಗೆ, ರಾಯಚೂರು ಕಲಬುರ್ಗಿ ನಿಜಾಮನಿಗೆ, ಮೈಸೂರು ಒಡೆಯರಿಗೆ. ಕನ್ನಡ ಮಾತನಾಡುವ ಜನ ಹೀಗೆ ಹಲವು ಸರಕಾರಗಳಲ್ಲಿ ಹಂಚಿಹೋದರು.

ಪೇಶ್ವೆ ಹೋದರೂ ನಮ್ಮ ಭಾಗದ ಕಚೇರಿಗಳಲ್ಲಿ ಮರಾಠಿ ಹೋಗಲಿಲ್ಲ. ದಫ್ತರುಗಳು ಮೋಡಿ ಲಿಪಿಯಲ್ಲಿ, ಶಾಲೆಯ ಪಾಠ ಮರಾಠಿಯಲ್ಲಿ ನಡೆದವು. ಮೇಲಿನ ಹುಕುಮುಗಳೂ ಪುಣೆಯಿಂದಲೇ ಬರುತ್ತಿದ್ದವು. 1824ರಲ್ಲಿ ಕಿತ್ತೂರಿನ ದತ್ತಕದ ಪ್ರಶ್ನೆ ಎದ್ದಾಗ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಮೇಲಧಿಕಾರಿ ಪುಣೆಯ ಕಮಿಶನರ್ ಚಾಪ್ಲಿನ್. ಚೆನ್ನಮ್ಮ ರಾಣಿ ಎದುರಿಸಬೇಕಾಗಿ ಬಂದದ್ದು ಖಡಕಿಯಲ್ಲಿ ಗೆದ್ದವರ ಸರಕಾರವನ್ನೇ. ಪೇಶ್ವೆಯ ದೊಡ್ಡ ಸೈನ್ಯ ಒಂದು ಮಧ್ಯಾಹ್ನದಲ್ಲಿ ಸೋತರೆ, ಪುಟ್ಟ ಕಿತ್ತೂರು ಮೊದಲ ಸಲ ಗೆದ್ದು, ಎರಡನೆಯ ಸಲ ಹೋರಾಡಿ ಸೋತಿತೆಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಆದರೆ ಇತಿಹಾಸದ ದಾರಿ ವಿಚಿತ್ರ. ನಮ್ಮನ್ನು ಮುಂಬಯಿಗೆ ಕಟ್ಟಿದ ಅದೇ ಹಗ್ಗ ನಮ್ಮ ಹುಡುಗರನ್ನು ಪುಣೆಯ ಕಾಲೇಜುಗಳಿಗೂ ಎಳೆತಂದಿತು. ಪರ್ವತಿಯ ದಕ್ಷಿಣೆಯ ಹಣದ ಒಂದು ಭಾಗದಿಂದ 1821ರಲ್ಲಿ ತೆರೆದ ಸಂಸ್ಕೃತ ಪಾಠಶಾಲೆಯೇ ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆಯಿತು. 1885ರಲ್ಲಿ ಸ್ಥಾಪನೆಯಾದ ಫರ್ಗ್ಯುಸನ್ ಕಾಲೇಜಿನಲ್ಲಿ ಆಲೂರ ವೆಂಕಟರಾಯರು ಓದಿದರು. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಮರಾಠಿಗರು ತಮ್ಮ ಭಾಷೆಗಾಗಿ, ಇತಿಹಾಸಕ್ಕಾಗಿ ದುಡಿಯುವುದನ್ನು ಪುಣೆಯಲ್ಲಿ ಕಣ್ಣಾರೆ ಕಂಡವರಿಗೆ ನಮ್ಮ ನಾಡೇಕೆ ಹೀಗಿದೆ ಎಂಬ ಪ್ರಶ್ನೆ ಏಳುವುದು ಸಹಜ. ಆಲೂರರ ‘ಕರ್ನಾಟಕ ಗತವೈಭವ’ ಹೊರಬಂದದ್ದು 1917ರಲ್ಲಿ, ಖಡಕಿಯ ಯುದ್ಧಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ. ನೂರು ವರ್ಷ ಹಿಂದೆ ಇಲ್ಲಿ ಬಿದ್ದ ಗಂಟನ್ನು ಬಿಚ್ಚುವ ಕೆಲಸ ಹೀಗೆ ಆರಂಭವಾಯಿತು.

1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ಹೊಸ ಮೈಸೂರು ರಾಜ್ಯವನ್ನು ಸೇರಿದವು. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. ಮನ್ರೋ ಬೆಳಗಾವಿಯ ಕೋಟೆ ಹಿಡಿದಂದಿನಿಂದ ಏಕೀಕರಣದವರೆಗೆ 138 ವರ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು ಆಚೆಯೇ ಉಳಿದರು. ಅಲ್ಲಿಂದ ಪುಣೆಗೆ ಬಂದವರು ನಮ್ಮ ನಡುವೆಯೂ ಇದ್ದಾರೆ.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆದಿಲ್ಲ. ಇಂದು ಮರಾಠಿಗರು ನಮ್ಮ ನೆರೆಹೊರೆಯವರು, ನಮ್ಮ ಮಕ್ಕಳ ಗೆಳೆಯರು. ಗದುಗಿನ ಕಡೆಯ ಭೀಮಸೇನ ಜೋಶಿಯವರನ್ನು ಈ ಊರು ತನ್ನ ಮಗನೆಂದೇ ಎದೆಗೊತ್ತಿಕೊಂಡಿತು. ಆದರೆ ಎರಡು ಭಾಷೆಯವರು ಒಂದೇ ಊರಿನಲ್ಲಿ ಪ್ರೀತಿಯಿಂದ ಬಾಳಬೇಕಾದರೆ, ತಾವು ಹೇಗೆ ಕೂಡಿದೆವು, ಹೇಗೆ ಅಗಲಿದೆವು ಎಂಬುದು ಇಬ್ಬರಿಗೂ ಗೊತ್ತಿರಬೇಕು. ಪುಣೆಯ ಕನ್ನಡ ಮಕ್ಕಳಿಗೆ ಶಾಲೆಯಲ್ಲಿ ಪೇಶ್ವೆಯರ ಇತಿಹಾಸ ಸಿಗುತ್ತದೆ. ಅದರ ದಕ್ಷಿಣದ ಅರ್ಧವನ್ನು ನಾವೇ ಮನೆಯಲ್ಲಿ ಹೇಳಿಕೊಡಬೇಕು.

ಅದಕ್ಕೆ ಪರ್ವತಿಗಿಂತ ಒಳ್ಳೆಯ ತರಗತಿ ಬೇರೆ ಬೇಕಿಲ್ಲ. ಮಳೆಗಾಲ ಕಳೆದ ಮೇಲೆ, ಬೆಳಗಿನ ತಂಪಿನಲ್ಲಿ ಮಕ್ಕಳನ್ನು ಕರೆದುಕೊಂಡು ಹತ್ತಿರಿ. ದೇವರ ದರ್ಶನ ಮುಗಿಸಿ, ಪೇಶ್ವೆಯರ ವಸ್ತುಸಂಗ್ರಹಾಲಯ ನೋಡಿ, ಉತ್ತರದ ಕಡೆ ನಿಂತು ಖಡಕಿ ಎಲ್ಲಿದೆಯೆಂದು ತೋರಿಸಿರಿ. ಆಮೇಲೆ ದಕ್ಷಿಣಕ್ಕೆ ತಿರುಗಿ ಧಾರವಾಡ ಯಾವ ದಿಕ್ಕಿಗೆಂದು ಕೇಳಿರಿ.